ಗರಡಿ ಮನೆಯೂ ತಂದೆ-ತಾಯಿಗಳೂ



ಬೆಳ್ಳಿ ಹಬ್ಬದ ಈ ಸಂಚಿಕೆಗೆ ಬೆಳೆ ಸಾಲ, ಗೊಬ್ಬರ, ಠೇವಣಿ ಇವುಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ಮಾತ್ರ ಸಂಪಾದಕ ಮಂಡಳಿಯವರು ‘ನೀವು ಕುಸ್ತಿ ಹುಚ್ಚಿನವರು, ಅದನ್ನೇ ಬರೀರಿ’ ಅಂದರು. ನಾನು ಎಸ್.ಎಸ್.ಎಲ್.ಸಿ. ತನಕ ಓದಿದ ರೈತ, ಪಂಡಿತನಲ್ಲ. ಆದರೂ ಒಪ್ಪಿಕೊಂಡೆ, ಯಾಕೆಂದರೆ ಬಹಳ ದಿನದಿಂದ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಜಾತ್ರೆ ಕುಸ್ತಿಗಳಲ್ಲಿ ಗದ್ದಲ ಆಗುವುದೆಲ್ಲ ಕಣದ ಹೊರಗೆ. ಹುಡುಗರು ಕೈ ಕೊಟ್ಟು ಎದ್ದು ಹೋಗಿರುತ್ತಾರೆ, ಅವರ ಅಪ್ಪಂದಿರು ಇನ್ನೂ ಕೊರಳಪಟ್ಟಿ ಹಿಡಿದುಕೊಂಡು ನಿಂತಿರುತ್ತಾರೆ. ಹೋದ ಬೇಸಿಗೆಯಲ್ಲಿ ಒಂದೂರ ಕುಸ್ತಿಗೆ ಹೋಗಿದ್ದೆ, ಊರ ಹೆಸರು ಬೇಡ. ಹನ್ನೆರಡು ವರ್ಷದ ಹುಡುಗ ಚಿತ್ ಆದ. ಅವನ ತಂದೆ ಜನರನ್ನು ತಳ್ಳಿಕೊಂಡು ಕಣಕ್ಕೆ ನುಗ್ಗಿ, ಗೆದ್ದ ಹುಡುಗನ ರಟ್ಟೆ ಹಿಡಿದು ಎಳೆದರು, ಪಂಚರ ಮೇಲೆ ಕೂಗಾಡಿದರು. ಸೋತ ಹುಡುಗ ಬೆನ್ನಿನ ಮಣ್ಣು ಸಹ ಒರೆಸಿಕೊಳ್ಳದೆ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಅವನು ಗರಡಿ ಬಿಟ್ಟ ಅಂತ ಕೇಳಿದೆ. ಸೋಲಿಗೆ ಹುಡುಗರು ಗರಡಿ ಬಿಡೋದಿಲ್ಲ, ನಾಲ್ಕು ಜನರೆದುರು ಅಪ್ಪ ಮಾಡಿದ ಅವಮಾನಕ್ಕೆ ಬಿಡ್ತಾರೆ.

ಆದ್ದರಿಂದ ಕಣದ ಹೊರಗೆ ನಿಂತವರು ಏನು ಮಾಡುತ್ತಿದ್ದರು, ಏನು ಮಾಡುತ್ತಿರಲಿಲ್ಲ ಎಂಬ ಕಡೆಯಿಂದ ನಮ್ಮ ಕುಸ್ತಿಯ ಚರಿತ್ರೆಯನ್ನು ಬರೆಯಲು ನೋಡಿದ್ದೇನೆ.

ನಮ್ಮ ನೆಲದ ಮೊದಲ ಕುಸ್ತಿ ಯಾವುದೆಂದು ಕೇಳಿದರೆ ಯಾವ ಅಜ್ಜಿಯಾದರೂ ವಾಲಿ-ಸುಗ್ರೀವರದು ಅಂತಾಳೆ. ಹೊಳೆಯಾಚೆ ಆನೆಗೊಂದಿಯೇ ಕಿಷ್ಕಿಂಧೆ, ಅಂಜನಾದ್ರಿಯೇ ಗರಡಿಯ ದೇವರು ಹನುಮಂತ ಹುಟ್ಟಿದ ಬೆಟ್ಟ, ಹಂಪಿ ಹತ್ತಿರದ ನಿಂಬಾಪುರದ ಬೂದಿ ದಿಬ್ಬವೇ ವಾಲಿಯನ್ನು ಸುಟ್ಟ ಜಾಗ ಎಂದು ನಮ್ಮ ನಂಬಿಕೆ. (ಅಂಥ ದಿಬ್ಬಗಳು ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದವು ಎಂದು ಪಂಡಿತರು ಹೇಳುತ್ತಾರೆ, ಅದು ಬೇರೆ ಮಾತು.) ಅಣ್ಣ ತಮ್ಮಂದಿರು ಮೊದಲ ಸಲ ಕಾದಾಡಿದಾಗ ಇಬ್ಬರೂ ಒಂದೇ ತರಹ ಕಂಡರು, ರಾಮ ಬಾಣ ಬಿಡಲಿಲ್ಲ, ಸುಗ್ರೀವ ಪೆಟ್ಟು ತಿಂದು ಓಡಿ ಬಂದ. ಎರಡನೆಯ ಸಲ ಗುರುತಿಗೆ ಅವನ ಕೊರಳಿಗೆ ಹೂಬಳ್ಳಿ ಹಾಕಿ ಕಳಿಸಿದರು, ವಾಲಿ ಬಿದ್ದ. ಬಿದ್ದವನು ಕೇಳಿದ, ‘ಇನ್ನೊಬ್ಬನ ಜೊತೆ ಕಾದುತ್ತಿದ್ದ ನನ್ನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ?’ ಅದಕ್ಕೆ ರಾಮ ಉತ್ತರ ಕೊಟ್ಟಿದ್ದಾನೆ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ವಾಲಿಯ ತಪ್ಪನ್ನು ಎತ್ತಿ ತೋರಿಸಿದ್ದಾನೆ. ಅದರ ನ್ಯಾಯ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಸಾಕ್ಷಾತ್ ದೇವರ ಕಥೆಯಲ್ಲೇ ನಮ್ಮ ಹಿರಿಯರು ಆ ಪ್ರಶ್ನೆಯನ್ನು ಕಿತ್ತು ಹಾಕದೆ ಹಾಗೇ ಉಳಿಸಿಕೊಂಡರಲ್ಲ! ಇಬ್ಬರು ಕಾದುವಾಗ ಮೂರನೆಯವನು ಕೈ ಹಾಕಬಹುದೋ ಬಾರದೋ ಎಂಬ ತಕರಾರು ನಮ್ಮ ಕಡೆ ಅಷ್ಟು ಹಳೆಯದು.

ಇನ್ನು ಬರೆದಿಟ್ಟ ಚರಿತ್ರೆಗೆ ಬರೋಣ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೇ ಒಂದು ಭಾಗವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ಬೇರೆ ಬೇರೆ ದರ್ಜೆ ಮಾಡಬೇಕು, ಬೇಳೆಕಾಳು, ಹಾಲು, ಮಾಂಸ, ಸಿಹಿ ತಿನಿಸು ಇವನ್ನು ಅರಸನೇ ಒದಗಿಸಬೇಕು ಅಂತ ಅದರಲ್ಲಿದೆ. ಸಮ ಜೋಡಿ ನೋಡಿ ಬಿಡುವ ಲೆಕ್ಕ ಆಗಲೇ ಇತ್ತು. ಅವತ್ತು ಅರಸ ಕೊಡುತ್ತಿದ್ದ ಹಾಲು-ಬೇಳೆಯನ್ನು ಇವತ್ತು ಅಪ್ಪ-ಅವ್ವ ಕೊಡುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.

ವಿಜಯನಗರದ ಕಾಲದ ಸಂಗತಿ ಇನ್ನೂ ಸೊಗಸಾಗಿದೆ. ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಪಟ್ಟು ಹಾಕಿದ ಮಲ್ಲರ ಚಿತ್ರಗಳಿವೆ. ನಮ್ಮವರು ಎಷ್ಟೋ ಜನ ದಿಬ್ಬ ಹತ್ತಿ ಫೋಟೋ ತೆಗೆಸಿಕೊಂಡು ಇಳಿದು ಬರುತ್ತಾರೆ, ಕಲ್ಲು ನೋಡುವುದಿಲ್ಲ. ಸುಮಾರು 1520ರ ಹೊತ್ತಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಬರೆದಿರುವ ಪ್ರಕಾರ ಕೃಷ್ಣದೇವರಾಯ ದಿನಾ ಬೆಳಗು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಮಲ್ಲನೊಬ್ಬನ ಜೊತೆ ಕುಸ್ತಿ ಆಡುತ್ತಿದ್ದ. ನಮ್ಮ ಗದ್ದೆಗೆ ನೀರು ತರುವ ಬಸವಣ್ಣ ಕಾಲುವೆ, ರಾಯ ಕಾಲುವೆ ಅಗೆಸಿದ ವಿಜಯನಗರದ ಅರಸರು ಗರಡಿ ಮಣ್ಣನ್ನೂ ಮುಟ್ಟಿದವರು.

ಅದೇ ಪಾಯೆಸ್ ಮಹಾನವಮಿಯ ಕುಸ್ತಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಲ್ಲು ಉದುರುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಹೊಡೆತಗಳಂತೆ. ಆದರೆ ಮುಂದಿನ ಮಾತು ಕೇಳಿ. ಅಲ್ಲಿ ಮಲ್ಲರಿಗೆ ನಾಯಕರೂ ನಿರ್ಣಾಯಕರೂ ಇದ್ದರು, ಇಬ್ಬರನ್ನೂ ಸಮನಾಗಿ ಕಣಕ್ಕೆ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸುವುದು ಅವರ ಕೆಲಸ. ಸುಮಾರು 1535ರ ಹೊತ್ತಿಗೆ ಇಲ್ಲಿದ್ದ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ, ಕೈಗೆ ಮೊನಚಾದ ಬಳೆ ಹಾಕಿಕೊಂಡು ಹೊಡೆದಾಡುವ ಮಲ್ಲರನ್ನು ವರ್ಣಿಸಿ, ಹೆಚ್ಚು ಗಾಯವಾದವನಿಗೇ ಅರಸ ರೇಷ್ಮೆ ವಸ್ತ್ರ ಕೊಡುತ್ತಿದ್ದ ಎಂದಿದ್ದಾನೆ. ಪೆಟ್ಟು ತಿಂದವನಿಗೆ ಮೊದಲು ಮರ್ಯಾದೆ! ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರೂ ಇದ್ದರೆಂದು ಅವನೇ ಬರೆದಿದ್ದಾನೆ. ಹೆಣ್ಣುಮಕ್ಕಳಿಗೆ ಕುಸ್ತಿ ಯಾಕೆ ಅನ್ನುವವರು ಇದನ್ನು ಎರಡು ಸಲ ಓದಬೇಕು.

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಇದೇ ಸಂಪ್ರದಾಯದ ಕುಡಿ. ವಿಜಯದಶಮಿಯ ದಿನ ಜಟ್ಟಿಗಳು ಮುಷ್ಟಿ ಕಟ್ಟಿಕೊಂಡು ಕಾದುತ್ತಾರೆ, ತಲೆಯಲ್ಲಿ ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ. ‘ಇನ್ನೊಂದು ಹಾಕು’ ಅಂತ ಹೊರಗಿನವರು ಕೂಗಿದರೂ ನಡೆಯದು.

ಅರಸರು ಹೋದ ಮೇಲೆ ಗರಡಿ ಊರವರ ಕೈಗೆ ಬಂತು. ಕೆಂಪು ಮಣ್ಣು ಜರಡಿ ಹಿಡಿದು, ಎಣ್ಣೆ, ಅರಿಶಿಣ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡಿದ ಕಣ, ಮೂಲೆಯಲ್ಲಿ ಹನುಮಂತ, ಒಂದೆರಡು ಗದೆ, ಕಲ್ಲುಗುಂಡು, ಇಷ್ಟೇ ಬಂಡವಾಳ. ಕಲಿಸುವ ಉಸ್ತಾದರಿಗೆ ಸಂಬಳವಿಲ್ಲ. ಒಬ್ಬರ ಮನೆಯ ಎಣ್ಣೆ, ಇನ್ನೊಬ್ಬರ ಬಂಡಿ ಮಣ್ಣು, ಜಾತ್ರೆ ಬಂದರೆ ಮನೆಗಿಷ್ಟು ಅಂತ ಪಟ್ಟಿ. ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ. ಕಾಯಿದೆ, ರಿಜಿಸ್ಟರು, ಆಡಿಟ್ ಯಾವುದೂ ಇಲ್ಲದೆ ಗರಡಿಗಳು ಅದಕ್ಕೂ ಮುಂಚೆ ಅದೇ ಕೆಲಸ ಮಾಡುತ್ತಿದ್ದವು. (ಆಡಿಟ್ ಇಲ್ಲದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಸದಸ್ಯರೇ ತೀರ್ಮಾನಿಸಲಿ.)

ಆ ಗರಡಿಯಲ್ಲಿ ತಂದೆಯ ಜಾಗ ಗೊತ್ತಾಗಿತ್ತು. ನಮ್ಮಪ್ಪ ನನ್ನನ್ನು ಸೇರಿಸಿದ ದಿನ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು ‘ಇನ್ನ ಹುಡುಗ ನಿಮ್ಮವನ್ರಿ’ ಅಂದರು. ಆಮೇಲೆ ದಿನಾ ಎಮ್ಮೆ ಕರೆದು ಚೊಂಬಿನಲ್ಲಿ ಹಾಲು ತರುತ್ತಿದ್ದರು, ಹೊಸಿಲ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು, ಒಳಗೆ ಒಂದು ಮಾತೂ ಆಡುತ್ತಿರಲಿಲ್ಲ. ನಾನು ಸೋತು ಬಂದ ದಿನ ಮನೆಯಲ್ಲಿ ಅವ್ವ ಒಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದಳು, ಯಾರೂ ಏನೂ ಕೇಳುತ್ತಿರಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವು ನಗೆಚಾಟಿಕೆಗೆ ಬಳಸುತ್ತೇವೆ. ಆದರೆ ಗರಡಿಯಲ್ಲಿ ಮೀಸೆಗೆ ಮಣ್ಣು ಹತ್ತುವುದು ದಿನದ ಕೆಲಸ, ಅದರಲ್ಲಿ ನಾಚಿಕೆ ಇಲ್ಲ ಅಂತಲೇ ಹುಡುಗರಿಗೆ ಮೊದಲು ಕಲಿಸುತ್ತಿದ್ದರು.

ಈಗ ಸ್ವಲ್ಪ ದೂರದ ಮಾತು. ಸ್ವತಂತ್ರ ಭಾರತಕ್ಕೆ ಒಬ್ಬಂಟಿ ಸ್ಪರ್ಧೆಯಲ್ಲಿ ಮೊದಲ ಒಲಿಂಪಿಕ್ ಪದಕ ತಂದವರು ಕುಸ್ತಿಯ ಖಾಶಾಬಾ ಜಾಧವ್. ಕರಾಡ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯವರು. ತಂದೆ ದಾದಾಸಾಹೇಬರೂ ಪೈಲ್ವಾನರೇ, ಮಗನಿಗೆ ಚಿಕ್ಕಂದಿನಲ್ಲೇ ಪಟ್ಟು ಕಲಿಸಿದವರು. 1948ರ ಲಂಡನ್ನಿಗೆ ಕೊಲ್ಲಾಪುರದ ಮಹಾರಾಜರು ಕಳಿಸಿದರು, ಆರನೆಯ ಸ್ಥಾನ ಬಂತು. 1952ರ ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲ. ಊರವರು ಪಟ್ಟಿ ಎತ್ತಿದರು, ಅವರು ಓದಿದ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಅಡ ಇಟ್ಟು 7000 ರೂಪಾಯಿ ಕೊಟ್ಟರು. ಕಂಚಿನ ಪದಕ ತಂದ ಜಾಧವರನ್ನು ಕರಾಡದಲ್ಲಿ ನೂರಕ್ಕೂ ಹೆಚ್ಚು ಎತ್ತಿನ ಬಂಡಿಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಮೆರವಣಿಗೆ ಮುಗಿದ ಮೇಲೆ ಅವರು ಮಾಡಿದ್ದು ಸಂಘದ ನಿರ್ದೇಶಕನಾದ ನನಗೆ ಬಹಳ ಹಿಡಿಸಿದೆ. ಕುಸ್ತಿ ಏರ್ಪಡಿಸಿ, ಆಡಿ, ಬಂದ ದುಡ್ಡಿನಿಂದ ಪ್ರಿನ್ಸಿಪಾಲರ ಅಡಮಾನದ ಸಾಲ ತೀರಿಸಿದರು. ಸುಸ್ತಿ ಬಾಕಿ ಇಲ್ಲ!

ಆದರೆ ಆ ಹೆಲ್ಸಿಂಕಿಯಲ್ಲಿ ಒಂದು ಕೊರತೆ ಆಯಿತು. ದೀರ್ಘ ಕುಸ್ತಿ ಆಡಿ ಸುಸ್ತಾಗಿದ್ದ ಜಾಧವರನ್ನು ತಕ್ಷಣವೇ ಇನ್ನೊಬ್ಬ ಪೈಲ್ವಾನನ ಎದುರು ನಿಲ್ಲಿಸಿದರು. ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು, ಅದನ್ನು ಎತ್ತಿ ಹೇಳಲು ನಮ್ಮ ದೇಶದ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ. ಜಾಧವ್ ಸೋತರು, ಜಪಾನಿನ ಇಶಿ ಚಿನ್ನ ಗೆದ್ದ. ಕಣದ ಹೊರಗಿನವನಿಗೆ ಕೆಲಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಇದನ್ನು ಬರೆದೆ. ನಿಯಮ ಗೊತ್ತಿದ್ದು, ಹೊತ್ತಿಗೆ ಸರಿಯಾಗಿ, ನಿರ್ಣಾಯಕರ ಬಳಿ ಮರ್ಯಾದೆಯಿಂದ ಒಂದು ಮಾತು ಹೇಳುವವನು ಬೇಕೇ ಬೇಕು. ಇವತ್ತಿನ ಮ್ಯಾಟ್ ಕುಸ್ತಿಯಲ್ಲಿ ಅದಕ್ಕೂ ಲೆಕ್ಕ ಇಟ್ಟಿದ್ದಾರೆ. ಮೂಲೆಯಲ್ಲಿ ಕುಳಿತ ಕೋಚ್ ತೀರ್ಪನ್ನು ಪ್ರಶ್ನಿಸಬಹುದು. ಆದರೆ ಪ್ರಶ್ನೆ ತಪ್ಪಾದರೆ ಎದುರಾಳಿಗೆ ಒಂದು ಅಂಕ ಹೋಗುತ್ತದೆ. ಜಾತ್ರೆಯಲ್ಲೂ ಈ ನಿಯಮ ಇದ್ದಿದ್ದರೆ ನಮ್ಮ ಕೆಲವು ಅಪ್ಪಂದಿರು ಮಕ್ಕಳನ್ನು ತಾವೇ ಸೋಲಿಸುತ್ತಿದ್ದರು.

‘ದಂಗಲ್’ ಸಿನಿಮಾ 2016ರಲ್ಲಿ ಬಂದ ಮೇಲೆ ಎಷ್ಟೋ ಜನ ಅಪ್ಪಂದಿರಿಗೆ ತಾವೇ ಕೋಚ್ ಎಂಬ ಭಾವನೆ ಬಂದಿದೆ. ಹರಿಯಾಣದ ಬಲಾಲಿಯ ಮಹಾವೀರ ಸಿಂಗ್ ಫೋಗಟ್ ದೊಡ್ಡವರೇ, ಅವರ ಮಗಳು ಗೀತಾ 2010ರ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಚಿನ್ನ ಗೆದ್ದಳು. ಆದರೆ ಅವರು ಸ್ವತಃ ಮಣ್ಣಿನಲ್ಲಿ ಬೆಳೆದ ಪೈಲ್ವಾನರು. ಮೊಬೈಲಿನಲ್ಲಿ ಪಟ್ಟು ನೋಡಿ ಕಲಿಸಲು ಬರುವ ನಮ್ಮಂಥವರಲ್ಲ.

ತೂಕದ ವಿಷಯ ಹೇಳದಿದ್ದರೆ ಈ ಲೇಖನ ಬರೆದೂ ವ್ಯರ್ಥ. ಕಡಿಮೆ ತೂಕದ ವಿಭಾಗದಲ್ಲಿ ಸುಲಭವಾಗಿ ಗೆಲ್ಲಲಿ ಎಂದು ಮಕ್ಕಳಿಗೆ ಎರಡು ದಿನ ಊಟ ನೀರು ಬಿಡಿಸುವ ಚಾಳಿ ಶುರುವಾಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಕಿಲೋ ವಿಭಾಗದ ಫೈನಲ್ ದಿನ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಹೊರಬಿದ್ದದ್ದು, ಅದಕ್ಕೆ ಮುಂಚೆ ರಾತ್ರಿಯಿಡೀ ಅವಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ 1997ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕಾಲೇಜು ಕುಸ್ತಿಯ ಮೂವರು ಹುಡುಗರು ಹೀಗೆ ಮೈನೀರು ಬತ್ತಿಸಿ ತೂಕ ಇಳಿಸಲು ಹೋಗಿ ಸತ್ತೇ ಹೋದರು, ಆಮೇಲೆ ಅಲ್ಲಿ ನಿಯಮ ಬಿಗಿ ಮಾಡಿದರು. ಬೆಳೆಯುವ ಮಕ್ಕಳ ಊಟ ಕಸಿದು ತರುವ ಬೆಳ್ಳಿ ಕಡಗ ಯಾರಿಗೆ ಬೇಕು ಹೇಳಿ? ಉಸ್ತಾದರು ಹೇಳಿದರೂ ಇದನ್ನು ಒಪ್ಪಬೇಡಿ. ಇಲ್ಲಿ ಮಾತ್ರ ತಾಯಂದಿರು ಹೊಸಿಲು ದಾಟಿ ಒಳಗೆ ಬಂದು ಬೈದರೂ ಸರಿಯೇ.

ಹೆಣ್ಣುಮಕ್ಕಳ ವಿಷಯದಲ್ಲೂ ಹಾಗೇ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದೇ ಸಾಕ್ಷಿ, ವಿನೇಶ್ 2023ರಲ್ಲಿ ಕಿರುಕುಳದ ದೂರು ಹೊತ್ತು ದಿಲ್ಲಿಯ ಜಂತರ್ ಮಂತರಿನಲ್ಲಿ ಧರಣಿ ಕೂತರು. ನಮ್ಮ ಹುಡುಗಿಯರು ಸಾಮು ಮಾಡುವ ಹೊತ್ತಿನಲ್ಲಿ ಬಾಗಿಲು ತೆರೆದಿರಬೇಕು, ಇಬ್ಬರು ತಾಯಂದಿರಾದರೂ ಅಲ್ಲಿ ಕುಳಿತಿರಬೇಕು. ಕಣಕ್ಕೆ ಇಳಿಯಬಾರದು ಅಂದರೆ ಕಣ್ಣು ಮುಚ್ಚಿಕೊಳ್ಳಬೇಕು ಅಂತ ಅರ್ಥವಲ್ಲ.

ನಮ್ಮ ಹುಡುಗರಿಗೆ ಮುಂದೆ ದಾರಿ ಇಲ್ಲವೆಂದು ತಿಳಿಯಬಾರದು. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದಿಲ್ಲಿಯಲ್ಲಿ ನಡೆದ ಏಷ್ಯಾ ಕುಸ್ತಿಯಲ್ಲಿ 55 ಕಿಲೋ ಗ್ರೀಕೋ-ರೋಮನ್ ವಿಭಾಗದ ಕಂಚು ಗೆದ್ದಿದ್ದಾನೆ. ಹಂಪಿ ಉತ್ಸವದಲ್ಲೂ ಕುಸ್ತಿಗೆ ಜಾಗ ಇದೆ. ಅಲ್ಲಿ ಮಣ್ಣಿನಲ್ಲೇ ಆಗಲಿ, ದೊಡ್ಡ ಊರಿನ ಮ್ಯಾಟಿನ ಮೇಲೇ ಆಗಲಿ, ಆಟಕ್ಕೆ ಮೊದಲೂ ಆಮೇಲೂ ಕೈ ಕೊಡುವುದು ತಪ್ಪುವುದಿಲ್ಲ. ಮಕ್ಕಳು ಕೈ ಕೊಟ್ಟ ಮೇಲೆ ಇಬ್ಬರ ತಂದೆಯರೂ ಎದ್ದು ಒಬ್ಬರಿಗೊಬ್ಬರು ಕೈ ಕೊಡಬೇಕು, ಕೊಡದಿದ್ದರೆ ಆ ಜೋಡಿಗೆ ಬಹುಮಾನ ಇಲ್ಲ ಎಂದು ಮುಂದಿನ ಜಾತ್ರೆ ಕುಸ್ತಿಯ ಕರಪತ್ರದಲ್ಲೇ ಅಚ್ಚು ಹಾಕಿಸಬೇಕೆಂದು ನನ್ನ ಸಲಹೆ. ಇದನ್ನು ಸಂಘದ ಸಭೆಯಲ್ಲಿ ಹೇಳಿದಾಗ ಕೆಲವರು ನಕ್ಕರು, ಇಬ್ಬರು ಮೂವರು ಸಿಟ್ಟಾದರು. ಸಿಟ್ಟಾದವರ ಮಕ್ಕಳು ಒಳ್ಳೆಯ ಕುಸ್ತಿಪಟುಗಳು, ಅವರು ಬರುತ್ತಾರೆಂಬ ಭರವಸೆ ನನಗಿದೆ.

ಕಣದ ಮಣ್ಣು ಗಟ್ಟಿಯಾಗಿದೆ, ಬೀಳುವ ಮಕ್ಕಳಿಗೆ ಪೆಟ್ಟಾಗುತ್ತಿದೆ. ಬರುವ ಅಮಾವಾಸ್ಯೆ ದಿನ ಬೇಸಾಯ ಬಿಡುವಿರುವುದರಿಂದ ಅವತ್ತೇ ಮಣ್ಣು ಬದಲಿಸಬೇಕೆಂದು ಗೊತ್ತು ಮಾಡಿದ್ದೇವೆ. ಟ್ರ್ಯಾಕ್ಟರ್ ಇದ್ದವರು ಎರಡು ಟ್ರೇಲರ್ ಕೆಂಪು ಮಣ್ಣು ಹೊಡೆದು ಕೊಡಬೇಕು, ಎಣ್ಣೆ-ಅರಿಶಿಣಕ್ಕೆ ಹೆಸರು ಬರೆಸಿದವರು ಹಿಂದಿನ ಸಂಜೆಯೇ ತಲುಪಿಸಬೇಕು. ಮಕ್ಕಳ ತಂದೆ-ತಾಯಿಗಳು ಬೆಳಿಗ್ಗೆ ಆರಕ್ಕೆ ಬರಲಿ, ಬರುವಾಗ ತಮ್ಮ ತಮ್ಮ ಸಲಿಕೆ ತರಲಿ, ಗರಡಿಯಲ್ಲಿ ಇರುವುದು ಎರಡೇ.