ಇಂಗ್ಲೆಂಡಿನ ಕ್ರಿಸ್‌ಮಸ್ ರಜೆ ಮತ್ತು ವಿದೇಶಿ ವಿದ್ಯಾರ್ಥಿಗಳು

ಕ್ರಿಸ್‌ಮಸ್, ಬಾಕ್ಸಿಂಗ್ ಡೇ, ಹೊಸ ವರ್ಷ ಮೂರೂ ಒಟ್ಟಿಗೆ ಬರುವ ಡಿಸೆಂಬರ್ ಕೊನೆಯ ದಿನಗಳು ಇಂಗ್ಲೆಂಡಿನ ಚಳಿಗಾಲದ ದೊಡ್ಡ ರಜೆ. ಇಂಗ್ಲಿಷ್ ಕಲಿಯಲು ಹೊರದೇಶದಿಂದ ಬಂದವರಿಗೆ ಪುಸ್ತಕದಲ್ಲಿ ಸಿಗದ ಮಾತುಗಳೆಲ್ಲ ಕಿವಿಗೆ ಬೀಳುವುದು ಆಗಲೇ. ಅತಿ ಹೆಚ್ಚು ಒಂಟಿತನ ಕಾಡುವುದೂ ಆಗಲೇ. 25ರಂದು ಲಂಡನ್ನಿನ ಸುರಂಗ ರೈಲು ಓಡುವುದಿಲ್ಲ. ತರಗತಿ, ಗ್ರಂಥಾಲಯ, ದೊಡ್ಡ ಅಂಗಡಿಗಳಿಗೆ ಬೀಗ. ಊರಿಗೆ ಊರೇ ಮನೆಯೊಳಗೆ ಸೇರಿಕೊಂಡಿರುತ್ತದೆ. ಆದರೆ ಹೀಗೆ ಬಾಗಿಲು ಹಾಕಿಕೊಂಡು ಹಬ್ಬ ಮಾಡುವ ಪದ್ಧತಿಗೆ ಹೆಚ್ಚು ವಯಸ್ಸಾಗಿಲ್ಲ.

ಕ್ರೈಸ್ತಧರ್ಮ ಕಾಲಿಡುವ ಮೊದಲೇ ಅಲ್ಲಿ ನಡುಚಳಿಗಾಲದ ಹಬ್ಬವಿತ್ತು. ಆಂಗ್ಲೊ-ಸ್ಯಾಕ್ಸನ್ನರು ಡಿಸೆಂಬರ್ 24ರ ರಾತ್ರಿಯನ್ನು 'ತಾಯಂದಿರ ರಾತ್ರಿ' ಎಂದು ಆಚರಿಸುತ್ತಿದ್ದರೆಂದು ಬೀಡ್ ಎಂಬ ಸನ್ಯಾಸಿ 725ರ ಸುಮಾರಿಗೆ ಬರೆದಿಟ್ಟಿದ್ದಾನೆ. ಇಂದಿಗೂ ಬಳಕೆಯಲ್ಲಿರುವ 'ಯೂಲ್' ಎಂಬ ಮಾತು ಆ ಕಾಲದ್ದು. ಹಳೆಯ ದೇಗುಲಗಳನ್ನು ಕೆಡವದೆ ಚರ್ಚುಗಳಾಗಿ ಮಾಡಿಕೊಳ್ಳಿ, ಜನರ ಹಬ್ಬದೂಟ ನಿಲ್ಲಿಸಬೇಡಿ ಎಂದು ಪೋಪ್ ಒಂದನೆಯ ಗ್ರೆಗರಿ 601ರಲ್ಲಿ ತನ್ನ ಪಾದ್ರಿಗಳಿಗೆ ಪತ್ರ ಬರೆದ. ಹಳೆಯ ಹಬ್ಬದ ಮೇಲೆ ಹೊಸ ಹಬ್ಬ ಬಂದು ಕೂತದ್ದು ಹೀಗೆ. 'ಕ್ರಿಸ್‌ಮಸ್' ಎಂದರೆ ಕ್ರಿಸ್ತನ ಬಲಿಪೂಜೆ, ಅಷ್ಟೆ.

ಮಧ್ಯಯುಗದ ಹಬ್ಬ ಹನ್ನೆರಡು ದಿನಗಳದ್ದು, ಅದೂ ಬೀದಿಯದ್ದು. ಬಡವರು ಗುಂಪು ಕಟ್ಟಿಕೊಂಡು ಸಾಹುಕಾರರ ಬಾಗಿಲಿಗೆ ಹೋಗಿ ಹಾಡುತ್ತಿದ್ದರು. ಒಳಗಿನವರು ಊಟ, ಪಾನೀಯ ಕೊಡಲೇಬೇಕಿತ್ತು. ಇದಕ್ಕೆ 'ವಾಸೇಲ್' ಎಂದು ಹೆಸರು, ಮೂಲದಲ್ಲಿ 'ಆರೋಗ್ಯವಾಗಿರು' ಎಂಬ ಹಾರೈಕೆ. ಸಾಮರ್ಸೆಟ್ ಸೀಮೆಯ ಕಾರ್‌ಹ್ಯಾಂಪ್ಟನ್ ಹಳ್ಳಿಯಲ್ಲಿ ಈಗಲೂ ಸೇಬಿನ ತೋಟಕ್ಕೆ ಹೋಗಿ ಮರಗಳಿಗೇ ವಾಸೇಲ್ ಹಾಡುತ್ತಾರೆ. ಅದು ನಡೆಯುವುದು ಜನವರಿ 17ರಂದು. 1752ರಲ್ಲಿ ಬ್ರಿಟನ್ ಪಂಚಾಂಗ ಬದಲಿಸಿ, ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿದಾಗ 11 ದಿನ ಬಿಟ್ಟುಹೋದವು. ಹಳ್ಳಿಯವರು ಹಳೆಯ ಲೆಕ್ಕವನ್ನು ಬಿಡಲಿಲ್ಲ.

ಪಂಚಾಂಗ ಬದಲಾಗುವ ಮೊದಲು ಹಬ್ಬವೇ ನಿಷೇಧವಾದ ಕಾಲವೂ ಬಂದಿತ್ತು. ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರಾದ ಪ್ಯೂರಿಟನ್ನರ ಕೈಯಲ್ಲಿದ್ದ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ಸನ್ನು ರದ್ದುಮಾಡಿತು. ಅಂದು ಅಂಗಡಿ ತೆರೆಯಬೇಕೆಂಬ ಒತ್ತಾಯಕ್ಕೆ ಕ್ಯಾಂಟರ್ಬರಿಯಲ್ಲಿ ಜನ ದಂಗೆ ಎದ್ದರು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಹಬ್ಬವೂ ಮರಳಿತು. ಸ್ಕಾಟ್ಲೆಂಡಿನಲ್ಲಿ ಮಾತ್ರ ಆ ಬಿಗಿ ಬಹುಕಾಲ ಉಳಿಯಿತು. ಅಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಅದಕ್ಕೇ ಎಡಿನ್‌ಬರೋದಲ್ಲಿ ಓದುವವರು ಹೆಚ್ಚು ಸಂಭ್ರಮ ಕಾಣುವುದು 'ಹಾಗ್ಮನೇ' ಎಂಬ ವರ್ಷದ ಕೊನೆಯ ರಾತ್ರಿ.

ಬೀದಿಯ ಹಬ್ಬ ಮನೆಯ ಹಬ್ಬವಾದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂತು. 1843ರಲ್ಲಿ ಹೆನ್ರಿ ಕೋಲ್ ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದ. ಅದೇ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರಲ್' ಹೊರಬಂತು. ಅಲಂಕರಿಸಿದ ಮರದ ಸುತ್ತ ರಾಣಿ, ಪತಿ ಆಲ್ಬರ್ಟ್ ಮತ್ತು ಮಕ್ಕಳು ನಿಂತ ಚಿತ್ರವನ್ನು 1848ರಲ್ಲಿ ಒಂದು ಪತ್ರಿಕೆ ಪ್ರಕಟಿಸಿತು. ಮಧ್ಯಮವರ್ಗದವರಿಗೆ ಅದೇ ಮಾದರಿಯಾಯಿತು. ಅಗ್ಗಿಷ್ಟಿಕೆ, ಮರ, ಮಕ್ಕಳು, ಊಟದ ಮೇಜು: ಇದರಿಂದ ಹಬ್ಬಕ್ಕೆ ಬಂದ ಬೆಚ್ಚನೆಯ ಅಂದ ಸುಳ್ಳಲ್ಲ. ಆದರೆ ನೆಂಟರಿಲ್ಲದವನಿಗೆ ಅಲ್ಲಿ ಕುರ್ಚಿಯಿಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರು 'ಕುಸ್ವಾರ್' ಎಂಬ ತಿಂಡಿಗಳ ತಟ್ಟೆಯನ್ನು ಜಾತಿ, ಮತ ನೋಡದೆ ನೆರೆಮನೆಗಳಿಗೆ ಹಂಚುತ್ತಾರೆ. ಆ ಕಡೆಯಿಂದ ಹೋದ ವಿದ್ಯಾರ್ಥಿಗೆ ಇಂಗ್ಲೆಂಡಿನ ಕ್ರಿಸ್‌ಮಸ್ ಬೆಳಗಿನ ಖಾಲಿ ಬೀದಿ ಉಳಿದವರಿಗಿಂತ ಹೆಚ್ಚು ಚುಚ್ಚೀತು.

ಹೊರಗಿನಿಂದ ಬಂದ ವಿದ್ಯಾರ್ಥಿಗಳು ಹೆಚ್ಚತೊಡಗಿದ್ದೂ ವಿಕ್ಟೋರಿಯಾ ರಾಣಿಯ ಕಾಲದಲ್ಲೇ. ಮೇರಿ ಕಾರ್ಪೆಂಟರ್ 1870ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಿದ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಭಾರತೀಯ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕುಟುಂಬಗಳ ಪರಿಚಯ ಮಾಡಿಸುತ್ತಿತ್ತು. 1888ರಲ್ಲಿ ಲಂಡನ್ನಿಗೆ ಬಂದ ಗಾಂಧೀಜಿ ಮೊದಲ ತಿಂಗಳುಗಳ ಮನೆಯ ಹಂಬಲವನ್ನು ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. 1920ರಲ್ಲಿ ಕೆ.ಟಿ. ಪಾಲ್ ಲಂಡನ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳಿಗಾಗಿ ವೈಎಂಸಿಎ ನಿಲಯ ತೆರೆದರು. ಈಗ ಅದು ಫಿಟ್ಜ್‌ರಾಯ್ ಸ್ಕ್ವೇರ್‌ನಲ್ಲಿದೆ. 1987ರಲ್ಲಿ ಆರಂಭವಾದ 'ಹೋಸ್ಟ್' ಯೋಜನೆ ನೇರವಾಗಿ ಮುಚ್ಚಿದ ಬಾಗಿಲನ್ನೇ ತಟ್ಟಿತು. ಸ್ವಂತ ಇಚ್ಛೆಯಿಂದ ಮುಂದೆ ಬಂದ ಕುಟುಂಬಗಳು ಗುರುತಿಲ್ಲದ ವಿದ್ಯಾರ್ಥಿಯನ್ನು ವಾರಾಂತ್ಯಕ್ಕೆ, ಕ್ರಿಸ್‌ಮಸ್ಸಿಗೆ ಮನೆಗೆ ಕರೆಯುವ ಏರ್ಪಾಡು ಅದು. ಈ ಇತಿಹಾಸದ ಎಲ್ಲ ಸುಧಾರಣೆಗಳಲ್ಲಿ ಇದೇ ಹೆಚ್ಚು ಮಾನವೀಯವಾದದ್ದು.

ಭಾಷೆ ಕಲಿಯುವವರಿಗೆ ಆ ಮನೆಗಳಲ್ಲಿ ಸಿಗುವ ಸಾಮಗ್ರಿ ಬಲು ದೊಡ್ಡದು. 'ಬಾಕ್ಸಿಂಗ್ ಡೇ' ಎಂದರೆ ಮುಷ್ಟಿಕಾಳಗವೆಂದು ಹೊಸಬರು ತಿಳಿಯುವುದು ಸಹಜ. ಅದು ಕೆಲಸದವರಿಗೆ ಇನಾಮು ಕೊಡುವ ಪೆಟ್ಟಿಗೆಯಿಂದ ಬಂದ ಹೆಸರು, ನಮ್ಮ ದೀಪಾವಳಿ ಇನಾಮಿನ ಹಾಗೆ. 1871ರ ಕಾಯಿದೆಯಿಂದ ಅದು ರಜಾದಿನವಾಯಿತು. 'ಪ್ಯಾಂಟೊಮೈಮ್' ಎಂದರೆ ಮೂಕಾಭಿನಯವಲ್ಲ, ಭಾರಿ ಗದ್ದಲದ ನಾಟಕ. ಗಂಡಸೊಬ್ಬ ಮುದುಕಿಯ ವೇಷದಲ್ಲಿ ಬರುತ್ತಾನೆ. ವೇದಿಕೆಯಿಂದ 'ಹೌದು' ಎಂದರೆ ಪ್ರೇಕ್ಷಕರು 'ಇಲ್ಲ' ಎಂದು ಕೂಗಬೇಕು. ತರಗತಿಯಲ್ಲಿ ಬಾಯಿ ಬಿಡದವರೂ ಅಲ್ಲಿ ಬಾಯಿ ಬಿಡುತ್ತಾರೆ. ಕಿವಿಗೆ ಬೇರೆ ಪಾಠಗಳಿವೆ: ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ 1918ರಲ್ಲಿ ಆರಂಭವಾಗಿ 1928ರಲ್ಲಿ ರೇಡಿಯೊಗೆ ಬಂದ ಕ್ಯಾರಲ್ ಗಾಯನ; ಐದನೆಯ ಜಾರ್ಜ್ 1932ರಲ್ಲಿ ಆರಂಭಿಸಿದ ಅರಸರ ಕ್ರಿಸ್‌ಮಸ್ ಭಾಷಣ. ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಆಡುವ ಆ ಭಾಷಣ ಕಲಿಯುವವರ ಕಿವಿಗೆ ಹೇಳಿಮಾಡಿಸಿದಂತಿದೆ.

ಊಟದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಡುವಿನ ದೊಡ್ಡ ಭಕ್ಷ್ಯ ಟರ್ಕಿ ಕೋಳಿಯೆಂದು ಎಲ್ಲರಿಗೂ ಗೊತ್ತು. ಒಣಹಣ್ಣಿನ ಕ್ರಿಸ್‌ಮಸ್ ಪುಡ್ಡಿಂಗ್ ನೋಡಿದರೆ ಸಸ್ಯಾಹಾರವೆಂದೇ ತೋರುತ್ತದೆ. ಹಳೆಯ ವಿಧಾನದಲ್ಲಿ ಅದಕ್ಕೆ ದನದ ಅಥವಾ ಕುರಿಯ ಕೊಬ್ಬು ಬೀಳುತ್ತದೆ, ಬ್ರಾಂದಿಯೂ ಬೀಳುತ್ತದೆ. ಒಂದು ಕಾಲಕ್ಕೆ ಮಾಂಸ ತುಂಬುತ್ತಿದ್ದ 'ಮಿನ್ಸ್ ಪೈ'ಯೊಳಗೆ ಈಗ ಹಣ್ಣಿದ್ದರೂ ಕೊಬ್ಬು ಇರಬಹುದು. ಎಣ್ಣೆಯಿಂದ ಮಾಡಿದ ಬದಲಿ ಕೊಬ್ಬು ಅಂಗಡಿಗಳಲ್ಲಿ ಸಿಗುತ್ತದೆ. ಪುಡ್ಡಿಂಗನ್ನು ಹಲವು ಮನೆಗಳಲ್ಲಿ ವಾರಗಳ ಮುಂಚೆಯೇ ಬೇಯಿಸಿಡುವುದರಿಂದ, ಏನು ತಿನ್ನುವುದಿಲ್ಲವೆಂಬುದನ್ನು ಆಹ್ವಾನ ಒಪ್ಪಿಕೊಳ್ಳುವಾಗಲೇ ಮನೆಯವರಿಗೆ ಹೇಳಿಬಿಡಬೇಕು.