ಒಸಗೆಯ ದಿನ ನೆನಪಿರಲಿ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಹುಡುಗಿ ಮೈನೆರೆದರೆ ಅದು ಗುಟ್ಟಿನ ಸಂಗತಿಯಲ್ಲ. ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುವುದು, ಹೆಂಗಸರು ಆರತಿ ಎತ್ತಿ ಸೋಬಾನೆ ಹೇಳುವುದು ಹಲವು ಮನೆತನಗಳ ಹಳೆಯ ಪದ್ಧತಿ. ಆದರೆ ಒಸಗೆ ಮುಗಿದ ಮೇಲೆ ಮುಟ್ಟಿನ ಮಾತು ಒಳಕೋಣೆ ಸೇರುತ್ತದೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೂ, ಗಲ್ಲದ ಮೇಲೆ ಒರಟು ಕೂದಲು ಮೂಡಿದರೂ ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಸಮಾಧಾನವೇ ಮದ್ದಾಗುತ್ತದೆ.

ಈ ಲಕ್ಷಣಗಳನ್ನು ವೈದ್ಯಶಾಸ್ತ್ರ ಒಂದೇ ಕಾಯಿಲೆಯಾಗಿ ಗುರುತಿಸಿದ್ದೂ ತಡವಾಗಿಯೇ. 1935ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಂದಿ ಮಹಿಳೆಯರ ವೃತ್ತಾಂತ ಪ್ರಕಟಿಸಿದರು. ಅವರ ಅಂಡಾಶಯಗಳು ದಪ್ಪಗಾಗಿ, ಸಣ್ಣ ಗುಳ್ಳೆಗಳಿಂದ ತುಂಬಿದ್ದವು. ಹೊಟ್ಟೆ ತೆರೆದು ಅಂಡಾಶಯದ ಒಂದು ಭಾಗವನ್ನು ಕೊಯ್ದು ತೆಗೆಯುವುದೇ ಅವರ ಚಿಕಿತ್ಸೆಯಾಗಿತ್ತು. ಇಂದು ಜನ ‘ಪಿಸಿಓಡಿ’ ಎನ್ನುವುದು ಇದನ್ನೇ. ಗುಳ್ಳೆಗಳೆಂದರೆ ಪೂರ್ತಿ ಬೆಳೆಯದೆ ನಿಂತ ಅಂಡಕೋಶಗಳು, ಗಡ್ಡೆಗಳಲ್ಲ. ಗಂಡು ಹಾರ್ಮೋನು ಹೆಚ್ಚುವುದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು ಇದರ ಮೂಲದಲ್ಲಿವೆ.

ಮುಂದೆ ಸ್ಕ್ಯಾನಿಂಗ್ ಬಂತು, ಕೊಯ್ಯದೆಯೇ ಗುಳ್ಳೆ ಕಂಡವು. ಜೊತೆಗೆ ಗೊಂದಲವೂ ಬಂತು. 1988ರಲ್ಲಿ ಲಂಡನ್ನಿನ ತಜ್ಞರು ಆರೋಗ್ಯವಂತ ಮಹಿಳೆಯರನ್ನು ಪರೀಕ್ಷಿಸಿದಾಗ ಐವರಲ್ಲಿ ಒಬ್ಬರಿಗೆ ಇಂಥ ಅಂಡಾಶಯ ಕಂಡುಬಂತು. ಹದಿಹರೆಯದಲ್ಲಂತೂ ಇದು ಇನ್ನೂ ಸಾಮಾನ್ಯ. ಹಾಗಾಗಿ, ಮೈನೆರೆದು ಎಂಟು ವರ್ಷ ತುಂಬುವವರೆಗೆ ಸ್ಕ್ಯಾನಿಂಗ್ ನೋಡಿ ಈ ಕಾಯಿಲೆ ನಿರ್ಧರಿಸಬಾರದೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು. 2023ರ ಪರಿಷ್ಕರಣೆಯೂ ಸ್ಕ್ಯಾನಿಂಗನ್ನು ಹದಿಹರೆಯದವರಿಗೆ ಒಪ್ಪಲಿಲ್ಲ. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ ಇವೆರಡೂ ಇರಲೇಬೇಕು. ಒಂದೇ ಇದ್ದರೆ ಹಣೆಪಟ್ಟಿ ಹಚ್ಚದೆ, ಕಾದು ಮತ್ತೆ ಪರೀಕ್ಷಿಸಬೇಕು. ಥೈರಾಯ್ಡ್ ಮೊದಲಾದ ಇತರ ಕಾರಣಗಳಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಏರುಪೇರು ಎಂದರೇನು? ಮೊದಲ ವರ್ಷ ಲೆಕ್ಕ ತಪ್ಪುವುದು ಸಹಜ. ಅಲ್ಲಿಂದ ಮೂರನೆಯ ವರ್ಷದವರೆಗೆ 21 ದಿನಕ್ಕಿಂತ ಬೇಗ ಅಥವಾ 45 ದಿನಕ್ಕಿಂತ ತಡ, ಅನಂತರ 35 ದಿನಕ್ಕಿಂತ ತಡವಾದರೆ ವೈದ್ಯರಿಗೆ ಹೇಳಬೇಕು. ಮೊದಲ ವರ್ಷ ಕಳೆದ ಮೇಲೆ ಒಮ್ಮೆಯಾದರೂ 90 ದಿನ ಮೀರಿದರೆ, 15 ವರ್ಷವಾದರೂ ಮೈನೆರೆಯದಿದ್ದರೆ ಸುಮ್ಮನಿರಬಾರದು.

1997ರವರೆಗೆ ಈ ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದ್ದವು. 2016ರಲ್ಲಿ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆಸ್ಪತ್ರೆ ಹತ್ತಿರವಾಯಿತು, ಸಂಕೋಚ ದೂರವಾಗಬೇಕಿದೆ. ಏಕೆಂದರೆ ಮೇಲಿನ ಲೆಕ್ಕವೆಲ್ಲ ಶುರುವಾಗುವುದು ಮೈನೆರೆದ ದಿನದಿಂದ. ಯಂತ್ರ ಹೇಳಲಾರದ ಆ ದಿನವನ್ನು ಗುಡ್ಲು ಹಾಕಿದ ಮನೆ ಮರೆಯುವುದಿಲ್ಲ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಗೋಡೆಯ ಕ್ಯಾಲೆಂಡರಿನಲ್ಲಿ ತಾಯಿ, ಮಗಳು ಒಂದು ಗುರುತು ಹಾಕಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.