ರಸ್ತೆಯಂಚಿನ ಕೆಂಪು ಹುಡಿ: ಸಂಡೂರು–ಹೊಸಪೇಟೆ ಸೀಮೆಯ ಭಾರಲೋಹಗಳು

ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯಂಚಿನ ಹುಡಿಯನ್ನು ಒಂದು ಹಿಡಿ ಎತ್ತಿ ಬಿಳಿ ಕಾಗದದ ಮೇಲೆ ಹರವಿ, ಅಡಿಯಲ್ಲಿ ಅಯಸ್ಕಾಂತ ಆಡಿಸಿದರೆ ಕಪ್ಪು ಹರಳುಗಳು ಅದರ ಬೆನ್ನುಹತ್ತುತ್ತವೆ. ಕೆಂಪು ಹುಡಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಓಡಿದ್ದರಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ಬ್ರೇಕು ಸವೆದು ಉದುರಿದ ಕಬ್ಬಿಣವೂ ಇರಬಹುದು. ಕೆಂಪಿಗೆ ಕಾರಣ ಹೆಮಟೈಟ್. ಅದು ಲಾರಿಯಿಂದ ಚೆಲ್ಲಿದ ಅದಿರಿನಲ್ಲೂ ಇದೆ, ಇಲ್ಲಿನ ಹೊಲದ ಕೆಮ್ಮಣ್ಣಿನಲ್ಲೂ ಇದೆ.

ತೊಡಕು ಶುರುವಾಗುವುದೇ ಇಲ್ಲಿ.

ಲೋಹ ಎಷ್ಟು ಹೆಚ್ಚಿದೆ ಎನ್ನಲು ಮೊದಲು ಎಷ್ಟಿತ್ತು ಎಂಬುದು ಗೊತ್ತಿರಬೇಕು. ಜರ್ಮನಿಯ ಮ್ಯೂಲರ್ 1969ರಲ್ಲಿ ಕೊಟ್ಟ ಭೂಸಂಚಯ ಸೂಚ್ಯಂಕ ನಿಂತಿರುವುದು ಈ ಹಿನ್ನೆಲೆ ಪ್ರಮಾಣದ ಮೇಲೆಯೇ. ಅದಕ್ಕಾಗಿ ಹಲವರು 1961ರಲ್ಲಿ ಟ್ಯುರೆಕಿಯನ್ ಮತ್ತು ವೆಡೆಪೋಲ್ ಪ್ರಕಟಿಸಿದ ಜೇಡಿಶಿಲೆಯ ಸರಾಸರಿಯನ್ನು ಬಳಸುತ್ತಾರೆ: ಕಬ್ಬಿಣ ಶೇ 4.72, ಕಿಲೋಗೆ ಮ್ಯಾಂಗನೀಸ್ 850 ಮಿಲಿಗ್ರಾಂ, ಸೀಸ 20. ಕಬ್ಬಿಣ, ಮ್ಯಾಂಗನೀಸ್ ಎರಡರ ಅದಿರೂ ಇರುವ ಸಂಡೂರಿಗೆ ಇದನ್ನು ಹಚ್ಚಿದರೆ ಲಾರಿಯನ್ನೇ ಕಾಣದ ಗುಡ್ಡದ ಮಣ್ಣೂ ಮಲಿನ ಎನಿಸಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಮಾಡುವಂತೆ ಕಬ್ಬಿಣವನ್ನೇ ಭಾಜಕವಾಗಿಟ್ಟರೆ ಇನ್ನೊಂದು ಅಪಾಯ: ಅದಿರು ಹೆಚ್ಚಿದಷ್ಟೂ ಸತು, ಸೀಸಗಳು ಲೆಕ್ಕದಲ್ಲಿ ಕುಗ್ಗುತ್ತವೆ. ಟೈರಿನಿಂದ ಸತು, ಬ್ರೇಕಿನಿಂದ ತಾಮ್ರ, 2000ದವರೆಗೆ ಮಾರಾಟವಾದ ಸೀಸಬೆರೆತ ಪೆಟ್ರೋಲಿನಿಂದ ಸೀಸ ಬೀದಿಗೆ ಇಳಿದಿವೆ. ಕೆಂಪು ಬಣ್ಣ ಇವನ್ನು ಮರೆಮಾಡುತ್ತದೆ. ಕಸಬರಿಗೆ ಹಿಡಿದು ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರ ಮೂಗಿಗೆ ಏರುವುದು ಈ ಎಲ್ಲದರ ನುಣ್ಣನೆಯ ಪುಡಿ. ಹಾಗಾಗಿ ಲೆಕ್ಕ ತಪ್ಪಬಾರದು.

ಹಿನ್ನೆಲೆಯನ್ನು ಈ ನೆಲದಲ್ಲೇ ಹುಡುಕುವುದು ಸರಿ. ವಿಜಯನಗರ ಕಾಲದ ರಾಯ ಕಾಲುವೆ ಹೊಸಪೇಟೆಯನ್ನು ಹಾದು ಕಮಲಾಪುರದ ಕೆರೆಗೆ ನೀರುಣಿಸುತ್ತದೆ. ಕೆರೆಯ ಹೂಳನ್ನು ಕೊಳವೆ ಇಳಿಸಿ ಪದರಪದರವಾಗಿ ತೆಗೆದರೆ, ತಳದ ಪದರಗಳು ಲಾರಿ ಬರುವ ಮುಂಚಿನ ಮಣ್ಣಿನವು. ಮೇಲಿನವುಗಳಲ್ಲಿ ಗಣಿಗಾರಿಕೆಯ ಭರಾಟೆಯ ವರ್ಷಗಳನ್ನೂ, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ನಂತರದ ಇಳಿತವನ್ನೂ ಹುಡುಕಬಹುದು. ಆದರೆ ರೈತರು ಹೂಳೆತ್ತಿ ಹೊಲಕ್ಕೆ ಒಯ್ದ ಜಾಗದಲ್ಲಿ ಪದರಗಳು ಕಲಸಿಹೋಗಿರುತ್ತವೆ. ಕೊಳವೆ ಇಳಿಸುವ ಮುನ್ನ ಊರಿನ ಹಿರಿಯರನ್ನು ವಿಚಾರಿಸಬೇಕು.

ಕೆರೆಯಿಂದ ಹೊಲಗದ್ದೆಗೆ ಬಂದರೆ, ಹೊಳೆಯ ದಂಡೆಯ ಬುಕ್ಕಸಾಗರ, ಅಲ್ಲಿಂದ ಕಂಪ್ಲಿಯ ಕಡೆಗೆ ಬಾಳೆ, ಕಬ್ಬು, ಭತ್ತದ ನೆಲ. ಇಲ್ಲಿ ಮಣ್ಣಿನಲ್ಲಿರುವ ಒಟ್ಟು ಲೋಹವನ್ನಷ್ಟೇ ಅಳೆದರೆ ಸಾಲದು. ನೀರು ನಿಂತ ಭತ್ತದ ಗದ್ದೆಯಲ್ಲಿ ಗಾಳಿಯಾಡದೆ ಮ್ಯಾಂಗನೀಸ್ ಕರಗುವ ರೂಪಕ್ಕೆ ತಿರುಗುತ್ತದೆ, ಅದರ ಹಿಂದೆಯೇ ಕಬ್ಬಿಣ. ಬದುವಿನಾಚೆಯ ಬಾಳೆ ಮಡಿಯಲ್ಲಿ ಅದೇ ಲೋಹ ಬಹುಮಟ್ಟಿಗೆ ಕರಗದೆ ಕೂತಿರುತ್ತದೆ. ಎರಡೂ ಕಡೆಯ ಮಣ್ಣನ್ನು ಬೇರೆಬೇರೆ ಚೀಲಕ್ಕೆ ತುಂಬಬೇಕು. ಗದ್ದೆಯ ಕೆಸರನ್ನಂತೂ ಗಾಳಿ ತಾಗದಂತೆ ಬಾಯಿ ಬಿಗಿದು, ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಬೇಕು. ಒಣಗಿಸಿದ ಕೆಸರಿನಲ್ಲಿ ಬೆಳೆ ಕುಡಿದ ಲೋಹದ ಲೆಕ್ಕ ಸಿಗುವುದಿಲ್ಲ.